ಗಡಿಬಿಡಿ ಅಕ್ಕನ ಕುಣಿಯುವ ಸೀಟು

ಹೊಳೆ ಮುತ್ತಜ್ಜನ ಮಗ ಗಾಡಿ ಅಜ್ಜ, ಗಾಡಿ ಅಜ್ಜನ ಮಗ ಹಾರ್ನಪ್ಪ, ಹಾರ್ನಪ್ಪನ ಹಿರಿಯ ಮಗಳು ಗಡಿಬಿಡಿ ಅಕ್ಕ. ಕೆಲವು ಮನೆತನಕ್ಕೆ ಹೊಲ ಇರುತ್ತದೆ, ಕೆಲವಕ್ಕೆ ಅಂಗಡಿ ಇರುತ್ತದೆ. ಈ ಮನೆತನಕ್ಕೆ ಇದ್ದ ಆಸ್ತಿ ದಾರಿಯೊಂದೇ. ಕಾಯಿಲೆ ಬಿದ್ದವರನ್ನು ಈ ಕಡೆಯಿಂದ ಆ ಕಡೆಗೆ ಮುಟ್ಟಿಸುವುದು ಇವರ ಕಸುಬು.

ಮುತ್ತಜ್ಜ ದೋಣಿಯವನು. ಹೊಳೆ ಕೆಂಪಾಗಿ ಹರಿಯುವಾಗ ಉಳಿದ ಅಂಬಿಗರೆಲ್ಲ ದೋಣಿ ಕಟ್ಟಿ ಕಂಬಳಿ ಹೊದ್ದು ಕೂತಿದ್ದರೆ, ಇವನು ನೋವು ಬಂದ ಬಸುರಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಹುಟ್ಟು ಹಾಕಿದ. ಕೂಸು ನಡುನೀರಿನಲ್ಲೇ ಹುಟ್ಟಿತು. ಅದು ಯಾವ ದಡದ ಊರಿಗೆ ಸೇರಿದ್ದೆಂದು ಎರಡೂ ಊರಿನವರು ಬಹುಕಾಲ ಹೊಡೆದಾಡಿದರು. ಗಾಡಿ ಅಜ್ಜ ಹಾವು ಕಚ್ಚಿದವನನ್ನು ಹೇರಿಕೊಂಡು ಹೊರಟಾಗ ದಾರಿಯಲ್ಲಿ ಒಂದು ಎತ್ತು ಕುಸಿಯಿತು. ಅದರ ಜಾಗದಲ್ಲಿ ತಾನೇ ನೊಗಕ್ಕೆ ಹೆಗಲು ಕೊಟ್ಟ. ಅವನ ಹೆಂಡತಿ ಲಾಟೀನು ಹಿಡಿದು ಗಾಡಿಯ ಮುಂದೆ ಓಡಿದಳು. ಕಚ್ಚಿಸಿಕೊಂಡವನು ಬದುಕಿ, ಅವರಿಬ್ಬರಿಗಿಂತಲೂ ಹೆಚ್ಚು ವರ್ಷ ಬಾಳಿ, "ಗಾಡಿ ಬಹಳ ಕುಲುಕಾಡ್ತಿತ್ತು" ಎಂದು ಕೊನೆಯವರೆಗೂ ದೂರಿದ. ಹಾರ್ನಪ್ಪ ಗುಜರಿಗೆ ಹೋಗಬೇಕಿದ್ದ ಜೀಪನ್ನು ಎಬ್ಬಿಸಿ ಓಡಿಸಿದ. ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬಿದ್ದರಿಂದ ಅವನಿಗೆ ಆ ಹೆಸರು ಬಂತು.

ಇಂಥವರ ವಂಶದಲ್ಲಿ ಹುಟ್ಟಿದ ಅಕ್ಕ ತಿಂಗಳು ತುಂಬುವ ಮೊದಲೇ ಅವಸರಪಟ್ಟು ಭೂಮಿಗೆ ಬಂದವಳು. ಅವಳು ಕೂತು ಉಂಡದ್ದನ್ನು ಕಂಡವರಿಲ್ಲ. ತಟ್ಟೆ ಎಡಗೈಯಲ್ಲಿ, ತುತ್ತು ಬಲಗೈಯಲ್ಲಿ, ಕಾಲು ಅಂಗಳದಲ್ಲಿ. ಮದುವೆ ಮಾತಿಗೆಂದು ಗಂಡಿನ ಕಡೆಯವರು ಬಂದಾಗ, ಅವರು ಚಹಾ ಕುಡಿದು ಲೋಟ ಇಡುವುದರೊಳಗೆ, ಕಾಲು ಮುರಿದುಕೊಂಡ ಯಾರನ್ನೋ ಜೀಪಿಗೆ ಹಾಕಿಕೊಂಡು ಹೊರಟುಹೋಗಿದ್ದಳು. ಗಂಡು ಸಂಜೆಯವರೆಗೂ ಕಾದ. ಆಮೇಲೆ ಅವನೂ ಎದ್ದು ಹೋದ. ಊರಲ್ಲಿ ಅವನಿಗೆ ಬುದ್ಧಿವಂತ ಎಂಬ ಹೆಸರು ಬಂತು.

ತಾಯಿ ಸತ್ತಾಗ ತಮ್ಮ ಇನ್ನೂ ತೆವಳುತ್ತಿದ್ದ. ಅವನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಕ್ಕ ಗೇರು ಹಾಕುವುದನ್ನು ಕಲಿತಳು. ತಮ್ಮ ಬೆಳೆದು ಮೆಕ್ಯಾನಿಕ್ ಆದ, ರಸ್ತೆಬದಿಯಲ್ಲಿ ತಗಡಿನ ಶೆಡ್ಡು ಹಾಕಿದ, ಮದುವೆಯಾದ, ಮಕ್ಕಳಾದವು. ಅಕ್ಕ ಅವನ ಮನೆಯಲ್ಲೇ ಇದ್ದಳು. ಇದ್ದಳು ಅನ್ನುವುದಕ್ಕಿಂತ ಬಂದು ಹೋಗುತ್ತಿದ್ದಳು. ಕೂತರೆ ಏಳದ ತಮ್ಮ, ಎದ್ದರೆ ಕೂರದ ಅಕ್ಕ. ಒಂದೇ ಬಸಿರಲ್ಲಿ ಎಂಥೆಂಥವು ಹುಟ್ಟುತ್ತವೆ ಎಂದು ಜನ ನಗುತ್ತಿದ್ದರು.

ಪೇಟೆಯ ಆಸ್ಪತ್ರೆಗೆ ರಕ್ತ ತೊಳೆಯುವ ಯಂತ್ರಗಳು ಬಂದ ಮೇಲೆ ಅಕ್ಕನ ಬದುಕಿಗೆ ಹೊಸ ದಾರಿ ಸಿಕ್ಕಿತು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ಸಲ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಬೇಕು. ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹೋಗುವುದು ಹೇಗೋ ಆದೀತು, ಬರುವುದೇ ಕಷ್ಟ. ತೊಳೆಸಿಕೊಂಡ ಮೇಲೆ ಮನುಷ್ಯ ಹಿಂಡಿದ ಬಟ್ಟೆಯಂತಾಗಿರುತ್ತಾನೆ. ಅಂಥ ಸ್ಥಿತಿಯಲ್ಲಿ ಬಸ್ಸಿನಲ್ಲಿ ನಿಂತು ಬರುತ್ತಿದ್ದ ದರ್ಜಿಯೊಬ್ಬ ಒಮ್ಮೆ ಇಳಿಯುವಾಗ ರಸ್ತೆಯ ಮೇಲೇ ಬಿದ್ದ. ಆಗ ಸುತ್ತಲ ಹಳ್ಳಿಗಳವರು ಸೇರಿ ಒಂದು ಹಳೆಯ ವ್ಯಾನು ತಂದರು. ಓಡಿಸುವವರು ಯಾರೆಂದು ಸಭೆ ಸೇರಿ ಚರ್ಚೆ ಮಾಡುತ್ತಿದ್ದಾಗ ಹೊರಗೆ ಎಂಜಿನ್ ಸದ್ದಾಯಿತು. ಅಕ್ಕ ಆಗಲೇ ಹತ್ತಿ ಕೂತಿದ್ದಳು.

ಕೋಳಿ ಕೂಗುವ ಹೊತ್ತಿಗೆ ಹೊರಟು, ಒಂದೊಂದೇ ಊರಿನಲ್ಲಿ ಒಬ್ಬೊಬ್ಬರನ್ನು ಹತ್ತಿಸಿಕೊಳ್ಳುವುದು. ವಾಂತಿಗೆ ಚೀಲ, ತಲೆಗೆ ದಿಂಬು, ಜಾರುವ ಬಾಗಿಲಿಗೆ ಹಗ್ಗ. ಹೋಗುವಾಗ ಎಲ್ಲರ ಮುಖವೂ ಉಬ್ಬಿದ ಪೂರಿಯಂತೆ, ಬರುವಾಗ ಒಣಗಿದ ಸೊಪ್ಪಿನಂತೆ. ಅವರಲ್ಲಿ ಮೂವರು ಮೊದಲ ದಿನದಿಂದ ಬರುತ್ತಿದ್ದವರು. ಒಬ್ಬರು ನಿವೃತ್ತಿಯಾದ ಮೇಷ್ಟ್ರು. ನೀರು ಕುಡಿದು ತೂಕ ಏರಿಸಿಕೊಂಡರೆ ಸಿಸ್ಟರ್ ಬೈಯುತ್ತಾಳೆಂದು ಚಪ್ಪಲಿ, ಬೆಲ್ಟು, ಕೊನೆಗೆ ಕನ್ನಡಕವನ್ನೂ ತೆಗೆದಿಟ್ಟು ತಕ್ಕಡಿ ಹತ್ತುವವರು. ಇನ್ನೊಬ್ಬ, ಬಸ್ಸಿಳಿಯುವಾಗ ಬಿದ್ದ ಆ ದರ್ಜಿಯೇ; ಬಾಯಿ ಅವನ ಕತ್ತರಿಗಿಂತ ಹರಿತ. ಮೂರನೆಯವಳು ಸೌದೆ ಅಜ್ಜಿ. ಸೌದೆ ಹೊತ್ತು ಮಾರಿ ಮಕ್ಕಳನ್ನು ಸಾಕಿದವಳು. ಈಗ ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟಳೆ; ಬಾಯಾರಿದಾಗ ಒಂದು ಚೂರು ಮಂಜುಗಡ್ಡೆಯನ್ನು ದವಡೆಯಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಮೊದಮೊದಲು ವ್ಯಾನು ಸಾವಿನ ಮನೆಯಂತಿತ್ತು. ಯಾರ ಕೈ ಊದಿತು, ಯಾರ ಪಕ್ಕದ ಹಾಸಿಗೆ ಖಾಲಿಯಾಯಿತು, ಅದೇ ಮಾತು. ಒಂದು ದಿನ ಅಕ್ಕ ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ಹಿಂದೆ ತಿರುಗಿದಳು.

"ಏನ್ರಪ್ಪಾ ಇದು, ವ್ಯಾನೋ ಹೆಣದ ಮನೆಯೋ? ಇವತ್ತಿಂದ ಈ ಬಾಗಿಲೊಳಗೆ ಕಾಯಿಲೆ ಮಾತು ಎತ್ತಿದ್ರೆ ಹಿಂದಿನ ಸೀಟೇ ಗತಿ!"

ಹಿಂದಿನ ಸೀಟು ಚಕ್ರದ ಮೇಲೇ ಇತ್ತು, ಅದರ ಸ್ಪ್ರಿಂಗು ಮುರಿದಿತ್ತು. ಸಣ್ಣ ಗುಂಡಿ ಬಂದರೂ ಕೂತವರ ತಲೆ ಚಾವಣಿಗೆ ನಮಸ್ಕಾರ ಮಾಡುತ್ತಿತ್ತು. ಎಲ್ಲರೂ ಅದನ್ನು ಕುಣಿಯುವ ಸೀಟು ಎನ್ನುತ್ತಿದ್ದರು. ತಮ್ಮ ಸರಿಮಾಡುತ್ತೇನೆಂದರೆ ಅಕ್ಕ ಬಿಡಲಿಲ್ಲ. "ಶಿಕ್ಷೆ ಅಂದ್ಮೇಲೆ ಮೆತ್ತಗಿರಬಾರದು ಕಣೋ" ಅಂದಳು. ಅಂದಿನಿಂದ ವ್ಯಾನಿನಲ್ಲಿ ಊರ ಸುದ್ದಿ ಬಂತು, ನಗು ಬಂತು. ಬಾಯಿ ಬಿಗಿಹಿಡಿಯಲಾರದ ಮೇಷ್ಟ್ರು ಮಾತ್ರ ವಾರಕ್ಕೊಮ್ಮೆ ಹಿಂದೆ ಕುಣಿಯುತ್ತಿದ್ದರು.

ಹೀಗಿರುವಾಗ ಅಕ್ಕನ ಪಾದದ ಮೇಲೆ ಚಪ್ಪಲಿಯ ಪಟ್ಟಿ ಗುರುತು ಬಿಡತೊಡಗಿತು.

ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಬಿದ್ದ ಗುಳಿ ಮೇಲೇಳುವುದಿಲ್ಲ. ಅನ್ನ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ರುಚಿ. ಬೆನ್ನು ತುರಿಸುತ್ತದೆ, ಎಲ್ಲಿ ಎಂದು ಕೇಳಿದರೆ ಎಲ್ಲೆಲ್ಲೂ. ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವೆಲ್ಲವನ್ನೂ ಅವಳು ಕಟ್ಟಳೆ ಮಾಡುವ ಮೊದಲು ಈ ಜನರ ಬಾಯಲ್ಲೇ ಕೇಳಿದ್ದಳು. ಎಷ್ಟೋ ವರ್ಷ ಸೊಂಟನೋವಿಗೆ ಮಾತ್ರೆಗಳನ್ನು ಕಡಲೆಯಂತೆ ನುಂಗಿದ್ದಳು. ದಾರಿಯಲ್ಲಿ ಗಾಡಿ ನಿಲ್ಲಿಸಿ ಮರೆ ಹುಡುಕಬೇಕಾಗುತ್ತದೆಂದು ನೀರು ಕುಡಿಯದೆ ದಿನ ದೂಡಿದ್ದಳು. ಅದರ ಬಡ್ಡಿ ಈಗ ಕಾಲಲ್ಲಿ ಇಳಿದಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಕಣ್ಣೆದುರೇ ಇದ್ದ ಕನ್ನಡಿ ಅವಳಿಗೆ ಬೇಡವಾಯಿತು. ಚಾಲಕನ ಕನ್ನಡಿಯಲ್ಲಿ ತನ್ನ ಊದಿದ ರೆಪ್ಪೆ ಕಾಣುತ್ತಿತ್ತು; ಹಿಂದಿನವರಿಗೂ ಕಾಣುತ್ತಿತ್ತು. ಅದನ್ನು ಚಾವಣಿಯ ಕಡೆಗೆ ತಿರುಗಿಸಿಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹಿಂದೆ ಕೂತವರು ಆ ಕಾಯಿಲೆಯ ಜೊತೆ ಸಂಸಾರ ಮಾಡುತ್ತಿದ್ದ ಜನ. ಅವರ ಕಣ್ಣು ತಪ್ಪಿಸುವುದುಂಟೇ? ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ವ್ಯಾನಿನೊಳಗೆ ಕಾಯಿಲೆ ಮಾತು ಎತ್ತುವ ಹಾಗಿಲ್ಲ. ವ್ಯಾನಿನ ಹೊರಗೆ ಅಕ್ಕ ಒಂದು ಕಡೆ ನಿಲ್ಲುವವಳಲ್ಲ. ಇವರು ಇಳಿಯುತ್ತಿದ್ದ ಹಾಗೆ ಟಯರು ಒದೆಯಲು ಹೋಗುತ್ತಾಳೆ, ಗಾಜು ಒರೆಸಲು ಹೋಗುತ್ತಾಳೆ. ಇನ್ನೂ ಒಂದು ಕಾರಣವಿತ್ತು, ಅದನ್ನು ಅವರು ತಮ್ಮೊಳಗೂ ಹೇಳಿಕೊಳ್ಳುತ್ತಿರಲಿಲ್ಲ. ಇವಳು ಮಲಗಿದರೆ ತಮ್ಮನ್ನು ಹೊತ್ತು ತರುವವರು ಯಾರು? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಎಲ್ಲರೂ ಕೂತಿರುತ್ತಿದ್ದರು.

ಬಾಯಿ ಸುಮ್ಮನಿದ್ದರೂ ಕೈ ಸುಮ್ಮನಿರಲಿಲ್ಲ. ದರ್ಜಿ ಕೇಳದೆಯೇ ಅವಳ ಕೋಟಿನ ತೋಳು ಬಿಚ್ಚಿ ಸಡಿಲ ಮಾಡಿಕೊಟ್ಟ. ಅಜ್ಜಿ ಅಗಲ ಪಟ್ಟಿಯ ಮೆತ್ತನೆ ಚಪ್ಪಲಿ ತಂದು ಕ್ಲಚ್ಚಿನ ಪಕ್ಕ ಇಟ್ಟಳು. ಮೇಷ್ಟ್ರು ಒಂದು ಉಪಾಯ ಹೂಡಿದರು.

"ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಅವನಿಗೆ ಬೆಳಗಾಗೆದ್ದರೆ ಕಾಲು ಊದಿಕೊಳ್ತಿತ್ತಂತೆ…"

"ಮೇಷ್ಟ್ರೇ, ಹಿಂದಕ್ಕೆ!"

"ಅಮ್ಮಾ, ಇದು ರಾಜನ ಕಥೆ!"

"ರಾಜನ ಕಾಲು ಊದಿದ್ರೂ ಕಾಯಿಲೆನೇ. ಏಳಿ!"

ಆಸ್ಪತ್ರೆಯ ಸಿಸ್ಟರ್ ಮಾತ್ರ ಬಾಗಿಲಲ್ಲೇ ಹಿಡಿಯುತ್ತಿದ್ದಳು. "ಅಕ್ಕಾ, ಒಂದೇ ನಿಮಿಷ, ಸ್ವಲ್ಪ ರಕ್ತ ತೆಗೀತೀನಿ." ಅಕ್ಕ ಕೀ ಆಡಿಸುತ್ತ, "ಗಾಡಿ ದಾರಿಗೆ ಅಡ್ಡ ನಿಂತಿದೆ ಮಗಳೇ, ಬಂದೆ" ಅನ್ನುತ್ತಿದ್ದಳು. ಬಂದೆ ಅಂದವಳು ಮತ್ತೆ ಕಾಣಿಸಿಕೊಳ್ಳುತ್ತಿದ್ದುದು ಎಲ್ಲರ ಯಂತ್ರವೂ ನಿಂತ ಮೇಲೆಯೇ.

ಮೋರಿಯ ತಿರುವಿನಲ್ಲಿ ಒಂದು ಬೆಳಗ್ಗೆ ಅವಳ ಕಾಲು ಬ್ರೇಕಿನ ಮೇಲೆ ಬೀಳುವುದು ತಡವಾಯಿತು. ಕಾಲು ಅಲ್ಲಿ ಇತ್ತು, ಆದರೆ ಅದು ತನ್ನದೆಂದು ಅವಳಿಗೆ ಅನಿಸಲಿಲ್ಲ. ಯಾರೋ ಇಟ್ಟುಹೋದ ಮರಳಿನ ಚೀಲದ ಹಾಗಿತ್ತು. ವ್ಯಾನು ಮೋರಿಯ ಗೋಡೆಗೆ ಮೈಯುಜ್ಜಿ ನಿಂತಿತು. ಹೊರಗಿನ ಕನ್ನಡಿ ಪುಡಿಪುಡಿ. ಯಾರಿಗೂ ಪೆಟ್ಟಾಗಲಿಲ್ಲ.

"ಈ ಗೋಡೆ ದಿನಾ ಸರಿದು ಸರಿದು ರಸ್ತೆಗೆ ಬರ್ತಿದೆ" ಎಂದಳು ಅಕ್ಕ. ಯಾರೂ ನಗಲಿಲ್ಲ. ಅವಳು ಗಾಡಿ ಹೊರಡಿಸಿದಳು.

ಆಗ ದರ್ಜಿ ತನ್ನ ಜಾಗದಿಂದ ಎದ್ದ. ಸರಳು ಹಿಡಿದುಕೊಂಡು ತೂಗಾಡುತ್ತ ಹೋಗಿ ಕುಣಿಯುವ ಸೀಟಿನಲ್ಲಿ ಕೂತ.

"ಯಾಕೋ, ನಿನಗ್ಯಾರು ಹೇಳಿದ್ರು?" ಅಕ್ಕನ ಕಣ್ಣು ರಸ್ತೆಯ ಮೇಲೆ, ಕಿವಿ ಹಿಂದೆ.

"ಯಾರೂ ಹೇಳಿಲ್ಲ ಅಕ್ಕ. ಶಿಕ್ಷೆ ಮೊದಲೇ ತಗೊಂಡುಬಿಟ್ಟೆ. ಈಗ ತಪ್ಪು ಮಾಡ್ತೀನಿ." ಗುಂಡಿ ಬಂತು, ಅವನು ಹಾರಿ ಕೂತ. "ನಿನ್ನ ಕಿಡ್ನಿ ಹೋಗಿದೆ. ನಮಗೆಲ್ಲ ಗೊತ್ತು. ನಿನಗೂ ಗೊತ್ತು. ಇನ್ನು ಯಾರಿಂದ ಮುಚ್ಚಿಡ್ತಿದೀಯ, ಟಯರಿನಿಂದಲಾ?"

ಅಕ್ಕ ಗೇರು ಬದಲಿಸಿದಳು. ಸೌದೆ ಅಜ್ಜಿ ತನ್ನ ಚೀಲ ಎತ್ತಿಕೊಂಡು ಹೋಗಿ ದರ್ಜಿಯ ಪಕ್ಕ ಕೂತಳು. ಅವಳ ಹಿಂದೆ ಮೇಷ್ಟ್ರು. ಅವರ ಹಿಂದೆ ಮಿಕ್ಕವರು ಎದ್ದರು. ಸೀಟು ಸಾಲದೆ ಅದರ ಸುತ್ತ ಕಂಬಿ ಹಿಡಿದು ನಿಂತರು. ಮುಂದಿನ ಸೀಟುಗಳೆಲ್ಲ ಖಾಲಿ. ಗಾಡಿ ತುಂಬ ಜನ ಇದ್ದೂ ಅಕ್ಕ ಒಬ್ಬಳೇ ಓಡಿಸುತ್ತಿದ್ದಂತಿತ್ತು.

"ಎಲ್ಲ ಹಿಂದೆ ಸೇರಿದ್ರೆ ಗಾಡಿ ಮೂತಿ ಎತ್ತುತ್ತೆ, ಮುಂದೆ ಬನ್ನಿ!"

"ನೀನು ರಕ್ತ ಕೊಡೋವರೆಗೂ ಬರಲ್ಲ" ಎಂದರು ಮೇಷ್ಟ್ರು, ಕುಣಿಯುತ್ತಲೇ.

"ನಾನು ಮಲಗಿದ್ರೆ ನಿಮ್ಮನ್ನ ಯಾರು ಹೊತ್ಕೊಂಡು ಹೋಗ್ತಾರೆ? ಹೇಳಿ, ಯಾರು?"

ಅಜ್ಜಿ ದವಡೆಯ ಮಂಜುಗಡ್ಡೆಯನ್ನು ಆಚೆ ಕೆನ್ನೆಗೆ ತಳ್ಳಿಕೊಂಡಳು. "ನೀನು ಹಿಂಗೇ ಗೋಡೆ ಗುದ್ದುತಿರು ತಾಯೀ. ನಮ್ಮನ್ನ ಹೊರೋಕೆ ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಜನ ಬರ್ತಾರೆ."

ಆ ದಿನ ಅಕ್ಕ ತೋಳು ಚಾಚಿದಳು. ಎರಡೂ ಕಿಡ್ನಿ ಬತ್ತಿಹೋಗಿವೆ ಎಂದರು ಡಾಕ್ಟರು. ಇನ್ನು ಮೇಲೆ ಯಂತ್ರವೇ ಗತಿ. ಯಂತ್ರ ಹತ್ತಿದವಳಿಗೆ ಯಾವಾಗ ಕಣ್ಣು ಕತ್ತಲಿಟ್ಟೀತೋ ಹೇಳಲಾಗದು, ಹಾಗಾಗಿ ಜನ ತುಂಬಿದ ಗಾಡಿಯ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಯಾರಾದರೂ ರಕ್ತಸಂಬಂಧಿ ಒಂದು ಕಿಡ್ನಿ ಕೊಟ್ಟು, ಅದು ಕೂಡಿ ಬಂದರೆ, ಆಗ ಬೇರೆ ಮಾತು, ಆಗ ಓಡಿಸಬಹುದು. ಕೊನೆಯ ಮಾತು ಹೇಳುವಾಗ ಬಾಗಿಲಲ್ಲಿ ತಮ್ಮ ನಿಂತಿದ್ದ, ಕೈಯ ಗ್ರೀಸು ಪ್ಯಾಂಟಿಗೆ ಒರೆಸುತ್ತ.

ಶೆಡ್ಡಿಗೆ ಅರ್ಧ ದಿನ ಬಾಗಿಲು ಹಾಕಿ ತಮ್ಮನೇ ವ್ಯಾನು ಓಡಿಸತೊಡಗಿದ. ಅಕ್ಕ ಅವನ ಬೆನ್ನಿಗೇ ಕೂತು ಬಾಯಿಂದ ಗಾಡಿ ಓಡಿಸಿದಳು. "ಗುಂಡಿ! ಗುಂಡಿ ಕಣೋ! ಎಮ್ಮೆ ಮೇಯಿಸ್ತಿದೀಯಾ, ಗೇರು ಬದಲಿಸು!" ತಮ್ಮ ಎಮ್ಮೆಯಷ್ಟೇ ಸಮಾಧಾನದಿಂದ ಹೋಗುತ್ತಿದ್ದ. ಜನಕ್ಕೆ ಕುಲುಕಾಟ ಕಡಿಮೆಯಾಗಿ ಹಿತವಾಗಿತ್ತು. ಅದನ್ನು ಯಾರೂ ಹೇಳಲಿಲ್ಲ, ಆದರೆ ಮೇಷ್ಟ್ರು ದಾರಿಯುದ್ದಕ್ಕೂ ಗೊರಕೆ ಹೊಡೆದದ್ದು ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು.

ಹಾಸಿಗೆಯಲ್ಲಿ ಇನ್ನೂ ಕಷ್ಟ. ಮೊದಲು ಕತ್ತಿನ ಬಳಿ ಕೊಳವೆ, ಕೆಲವು ತಿಂಗಳ ಮೇಲೆ ಕೈಯ ನರಕ್ಕೆ ಸೂಜಿ. ಪಕ್ಕದಲ್ಲಿ ಯಂತ್ರ ಗುರ್ರೆನ್ನುತ್ತ ತಿರುಗುತ್ತದೆ, ಅದು ತಿರುಗುವುದನ್ನು ನೋಡುತ್ತ ಇವಳು ಅಲ್ಲಾಡದೆ ಬಿದ್ದಿರಬೇಕು. ಹೊದಿಕೆಯ ಕೆಳಗೆ ಪಾದಗಳು ಕ್ಲಚ್ಚು ಬ್ರೇಕು ಒತ್ತುತ್ತಿದ್ದವು. ಕಿಟಕಿಯಾಚೆ ಯಾವ ಗಾಡಿ ಸದ್ದಾದರೂ ಕೈ ತಾನಾಗಿ ಏಳುತ್ತಿತ್ತು, ಏಳುತ್ತಿದ್ದಂತೆ ಯಂತ್ರ ಕೀಂಯ್ ಎಂದು ಅರಚುತ್ತಿತ್ತು, ಸಿಸ್ಟರ್ ಓಡಿ ಬರುತ್ತಿದ್ದಳು.

"ಅಕ್ಕಾ, ಸ್ಟೀರಿಂಗ್ ತಿರುಗಿಸಬೇಡ" ಎಂದ ಪಕ್ಕದ ಹಾಸಿಗೆಯಿಂದ ದರ್ಜಿ, "ಕೈಯಲ್ಲಿರೋದು ಸೂಜಿ. ಸೂಜಿ ವಿಷಯ ನನ್ನ ಮಾತು ಕೇಳು."

ನಕ್ಕಳು. ನಕ್ಕ ಮೇಲೆ ಗಡಿಯಾರ ನೋಡಿದಳು. ಮುಳ್ಳು ಅಲ್ಲೇ ನಿಂತ ಹಾಗಿತ್ತು. ಒಮ್ಮೊಮ್ಮೆ ಈ ಕೊಳವೆಗಳನ್ನೆಲ್ಲ ಕಿತ್ತೆಸೆದು ಓಡಿಬಿಡಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಅಂತಲ್ಲ. ಓಡಬೇಕು, ಅಷ್ಟೇ.

ತೊಳೆಸಿಕೊಳ್ಳದ ದಿನಗಳಲ್ಲಿ ಅವಳು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದಳು. ತಮ್ಮ ಸರಪಳಿ ಹಾಕಿ ಒಂದು ಎಂಜಿನ್ ಮೇಲೆತ್ತುತ್ತಿದ್ದ. ವ್ಯಾನು ನೆರಳಲ್ಲಿ ನಿಂತಿತ್ತು. ಅಕ್ಕ ಅತ್ತಿತ್ತ ನೋಡಿ ಚಾಲಕನ ಸೀಟಿಗೆ ಹತ್ತಿ ಕೂತಳು. ಸ್ಟೀರಿಂಗ್ ಅಂಗೈಗೆ ಬಂದು ಕೂತಿತು, ಮನೆಯ ಬೆಕ್ಕು ಮಡಿಲಿಗೆ ಬರುವ ಹಾಗೆ.

ತಮ್ಮ ಸರಪಳಿ ಬಿಗಿದು ಬಂದು ಕಿಟಕಿಯ ಹತ್ತಿರ ನಿಂತ. ಅವನಿಗೆ ಮಾತಾಡಲು ಯಾವಾಗಲೂ ಹೊತ್ತು ಹಿಡಿಯುತ್ತಿತ್ತು.

"ಅಕ್ಕ. ಪರೀಕ್ಷೆ ಮಾಡಿಸ್ಕೊಂಡೆ. ನಂದು ನಿನಗೆ ಕೂಡುತ್ತಂತೆ."

ಅಕ್ಕ ಗಾಜಿನಾಚೆ ನೋಡಿದಳು. ರಸ್ತೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

"ಒಂದು ತೆಗೆದ್ರೂ ಮನುಷ್ಯ ಚೆನ್ನಾಗೇ ಇರ್ತಾನಂತೆ. ಕೆಲವು ತಿಂಗಳು ಭಾರ ಎತ್ತಬಾರದು, ಅಷ್ಟೇ. ಆಮೇಲೆ ನೀನು ಮತ್ತೆ ಇಲ್ಲೇ ಕೂರಬಹುದು. ಈ ಸೀಟಲ್ಲೇ."

"ನಿನ್ನ ಹೆಂಡತಿ ಏನಂದ್ಲು?"

ಅವಳು ಚಹಾ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಿದ್ದಳು. "ನಾನೇ ಹೇಳಿ ಕಳಿಸಿದ್ದು ಅತ್ತಿಗೆ" ಎಂದಳು. ಸುಳ್ಳಾಡಲಿಲ್ಲ, ಮನಸಾರೆಯೇ ಹೇಳಿದಳು. ಆದರೆ ಲೋಟಗಳನ್ನು ನೆಲಕ್ಕಿಟ್ಟು, ಬಂದು ಗಂಡನ ಅಂಗಿಯ ಅಂಚು ಹಿಡಿದುಕೊಂಡು ನಿಂತಳು.

ಹೂಂ ಅನ್ನುವ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅವಳು ಬಲ್ಲಳು. ಕಾಲುಗಳು ಆಗಲೇ ಪೆಡಲು ಹುಡುಕುತ್ತಿದ್ದವು. ಒಂದು ಮಾತು, ಒಂದು ಆಪರೇಷನ್ನು, ಮತ್ತೆ ಬೆಳಗಿನ ರಸ್ತೆ, ಮತ್ತೆ ಮೋರಿಯ ತಿರುವು, ಹಿಂದೆ ತುಂಬಿದ ಜನ. ತನ್ನ ಮೈಯ ಅವಸರ ಅವಳಿಗೆ ಅಂದು ಮೊದಲ ಸಲ ಹೆದರಿಕೆ ಹುಟ್ಟಿಸಿತು. ಇಳಿದಳು. ಇಳಿಯುವಾಗ ಕಾಲು ತಡವರಿಸಿತು, ತಮ್ಮ ಕೈ ಚಾಚಿ ಅವಳ ತೋಳು ಹಿಡಿದ. ಅವಳು ಬಾಗಿಲನ್ನೇ ಹಿಡಿದುಕೊಂಡು ನಿಂತಳು.

"ಬೇಡ ಕಣೋ" ಎಂದಳು. "ನೀನು ಒಳ್ಳೆಯವನು ಅಂತ ಬೇಡ ಅಂತಿಲ್ಲ, ನಾನು ಒಳ್ಳೆಯವಳಲ್ಲ ಅಂತ ಬೇಡ ಅಂತಿದೀನಿ. ನನ್ನ ಬುದ್ಧಿ ನನಗೆ ಗೊತ್ತು. ನೀನು ಕೊಟ್ಟ ಮೇಲೆ ಹೊಲಿಗೆ ಗಾಯ ಆರೋಕೆ ಮುಂಚೆ ಈ ಸೀಟು ಹತ್ತಿರ್ತೀನಿ. ನೀರು ಕುಡಿ ಅಂದ್ರೆ ಆಮೇಲೆ ಅಂತೀನಿ. ಗಾಡಿ ನಿಲ್ಲಿಸು ಅಂದ್ರೆ ಮುಂದಿನ ಊರು ಬರ್ಲಿ ಅಂತೀನಿ. ನನ್ನ ಎರಡನ್ನ ಹಿಂಗೇ ಸವೆಸಿದ್ದು, ನಿನ್ನ ಒಂದನ್ನೂ ಹಿಂಗೇ ಸವೆಸ್ತೀನಿ. ಯಂತ್ರ ಆದ್ರೆ ನಾನು ಅಲ್ಲಾಡಿದ್ರೆ ಕಿರುಚುತ್ತೆ. ನಿನ್ನ ಕಿಡ್ನಿ ನಿನ್ನ ಹಾಗೇ, ಸಾಯೋವರೆಗೂ ಬಾಯಿ ಬಿಡಲ್ಲ. ಹೋಗು, ಆ ಎಂಜಿನ್ ಸರಪಳಿ ಮೇಲೇ ನೇತಾಡ್ತಿದೆ, ಕೆಳಗಿಳಿಸು. ಕೈ ಬಿಡೋ, ಮನೆಗೆ ಹೋಗೋ ದಾರಿ ನನಗೆ ಗೊತ್ತು."